ಒಳಗೆ ಹಿಡಿಯಿಲ್ಲದ ಬಾಗಿಲು

ಅವನಿಗೆ ಸುತ್ತಿಗೆ ಅಂತ ಹೆಸರು ಬಂದದ್ದು ಕಸುಬಿನಿಂದ ಅಂದುಕೊಂಡರೆ ತಪ್ಪು. ಕಸುಬೇನೋ ಅದೇ: ಗ್ಯಾರೇಜಿನಲ್ಲಿ ಕೂತು, ಗುದ್ದಿಸಿಕೊಂಡು ನಜ್ಜುಗುಜ್ಜಾದ ಕಾರುಗಳ ತಗಡು ತಟ್ಟಿ ಸರಿಮಾಡುವುದು. ಆದರೆ ಹೆಸರಿಟ್ಟದ್ದು ಕೋರ್ಟು. ಹತ್ತೊಂಬತ್ತರ ತಂಗಿಯ ಮೇಲೆ ಬಸ್ಸಿನಲ್ಲಿ ಒಬ್ಬ ಕೈಹಾಕಿದ. ಇವನು ಆ ಮನುಷ್ಯನ ಕಾಲರು ಹಿಡಿದು ರಸ್ತೆಗೆ ಇಳಿಸಿದ, ಇಳಿಸಿ ಹೊಡೆದ. ಮೊದಲ ಏಟಿಗೆ ಮೂಗು ಹೋಯಿತು, ಎರಡನೆಯದಕ್ಕೆ ಹಲ್ಲು. ಅಲ್ಲಿಗೆ ಕೈ ತಡೆದಿದ್ದರೆ ಬಸ್ಸಿನವರೆಲ್ಲ ಶಭಾಷ್ ಅನ್ನುತ್ತಿದ್ದರು. ತಡೆಯಬೇಕಲ್ಲ! ಒಂಬತ್ತು ಹಾಕಿದ. ದವಡೆ ಮೂರು ಕಡೆ ಮುರಿಯಿತು, ಒಂದು ಕಣ್ಣು ಮತ್ತೆ ನೋಡಲಿಲ್ಲ. ಡಾಕ್ಟರು ಬರೆದದ್ದನ್ನು ಓದಿದ ಜಡ್ಜ್ ಸಾಹೇಬರು ಕನ್ನಡಕ ಇಳಿಸಿ, "ಆ ಸುತ್ತಿಗೆ ಎಲ್ಲಿ ಬಿಸಾಕಿದೆ?" ಅಂತ ಕೇಳಿದರು. ಇವನು ಎರಡೂ ಕೈ ಎತ್ತಿ ತೋರಿಸಿದ. ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಜಡ್ಜ್ ನಗಲಿಲ್ಲ, ನಾಲ್ಕು ವರ್ಷ ಕೊಟ್ಟರು.

ಜೈಲಿನಲ್ಲಿ ಪಕ್ಕದ ಮುದುಕ ಕೈದಿಯೊಬ್ಬ ಸುಟ್ಟ ಬೆಂಕಿಕಡ್ಡಿಗಳಿಂದ ಮನೆ ಕಟ್ಟುವುದನ್ನು ಕಲಿಸಿದ. ಸುತ್ತಿಗೆಯ ಬಾಳೆಗೊನೆಯಂಥ ಬೆರಳುಗಳು ಬ್ಲೇಡು ಹಿಡಿದು ಕಡ್ಡಿ ಸೀಳುವುದನ್ನು ನೋಡಲು ವಾರ್ಡರುಗಳೇ ಬಂದು ನಿಲ್ಲುತ್ತಿದ್ದರು. ತಂಗಿ ತಿಂಗಳಿಗೊಮ್ಮೆ ಬರುತ್ತಿದ್ದಳು. ಅವಳನ್ನು ಅವನು ಕರೆಯುತ್ತಿದ್ದದ್ದು ಪುಟ್ಟಿ ಅಂತ. ಅಪ್ಪ ಅಮ್ಮ ಹೋದ ಮೇಲೆ ಅವನಿಗೆ ಅವಳು, ಅವಳಿಗೆ ಅವನು, ಅಷ್ಟೇ ಲೆಕ್ಕ. ಮೂರನೆಯ ವರ್ಷ ಬಂದವಳು ಜಾಲರಿಗೆ ಬೆರಳು ಸಿಕ್ಕಿಸಿಕೊಂಡು, "ಮದುವೆ ಗೊತ್ತಾಗಿದೆ ಅಣ್ಣ" ಅಂದಳು. ಹುಡುಗ ರೈಲ್ವೆಯಲ್ಲಿ ಸಿಗ್ನಲ್ ಮನುಷ್ಯ. ಕುಡಿಯಲ್ಲ, ಸೇದಲ್ಲ, ದನಿ ಎತ್ತಿ ಮಾತಾಡಲ್ಲ. ಆಮೇಲೆ ಅವಳು ಒಂದು ಮಾತು ತೆಗೆದುಕೊಂಡಳು.

"ನನ್ನ ಮೇಲೆ ಆಣೆ ಮಾಡು. ಇನ್ನು ಯಾರ ಮೇಲೂ ಕೈ ಎತ್ತಲ್ಲ ಅಂತ. ಎತ್ತಿದ್ಯೋ, ಪುಟ್ಟಿ ಸತ್ತಳು ಅಂತ ತಿಳ್ಕೋ."

"ಸಾಯೋ ಮಾತ್ಯಾಕೆ ಆಡ್ತೀಯ? ಎತ್ತಲ್ಲ."

"ಆಣೆ?"

"ಆಣೆ ಕಣೇ, ಮಾರಾಯ್ತಿ."

ಬಿಡುಗಡೆಯಾಗಿ ಬಂದ ದಿನ ಭಾವನನ್ನು ಮೊದಲ ಸಲ ನೋಡಿದ. ಇವನಿಗಿಂತ ಐದು ವರ್ಷ ದೊಡ್ಡವನು. ಇಸ್ತ್ರಿ ಮುರಿಯದ ಅಂಗಿ, ಕನ್ನಡಿಯಂತೆ ಹೊಳೆಯುವ ಬೂಟು, ಒಂದೇ ಅಳತೆಗೆ ಕತ್ತರಿಸಿದ ಉಗುರು. ಇಷ್ಟು ಚೊಕ್ಕಟವಾಗಿರುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗಿಬರುವುದಿಲ್ಲ. ಆದರೆ ಸುತ್ತಿಗೆಗೆ ಕಣ್ಣು ತುಂಬಿ ಬಂತು. ತನ್ನಂಥ ಒರಟನ ತಂಗಿಗೆ ಇಂಥ ಗಂಡ ಸಿಕ್ಕನಲ್ಲ ಅಂತ.

ಭಾನುವಾರ ಮಧ್ಯಾಹ್ನ ಅವನನ್ನು ರೈಲ್ವೆಯವರ ಸಂಘದ ಕೋಣೆಗೆ ಕರೆದುಕೊಂಡು ಹೋದವನೂ ಆ ಭಾವನೇ. ಗೂಡ್ಸ್ ಶೆಡ್ಡಿನ ಮಹಡಿ. ಕೋಣೆಯ ತುಂಬ ಹದಿನಾರು ಅಡಿ ಉದ್ದದ ಹಲಗೆ. ಅದರ ಮೇಲೆ ಹಳಿ, ಸ್ಟೇಷನ್ನು, ಬೆರಳಿಗಿಂತ ಚೂರು ದಪ್ಪದ ಇಂಜಿನ್ನು. ರೈಲು ಓಡುತ್ತಿತ್ತು, ಆದರೆ ಸುತ್ತ ಊರಿರಲಿಲ್ಲ, ಬರೀ ಮರಳುಕಾಗದ. ಊರು ಕಟ್ಟಲು ಜನ ಬೇಕಾಗಿತ್ತು. ಸುತ್ತಿಗೆ ತನ್ನ ಬೆಂಕಿಕಡ್ಡಿ ಮನೆಯೊಂದನ್ನು ಜೇಬಿನಿಂದ ತೆಗೆದು ಹಲಗೆಯ ಮೇಲಿಟ್ಟ. ಮೂಲೆಯಲ್ಲಿದ್ದ ಮುದುಕ ಎದ್ದು ಬಂದು, ಭೂತಗನ್ನಡಿ ಹಿಡಿದು, ಎರಡು ನಿಮಿಷ ಬಗ್ಗಿಯೇ ಇದ್ದ.

ಅವನೇ ಗಾರ್ಡ್ ಅಜ್ಜ. ನಲವತ್ತು ವರ್ಷ ರೈಲಿನ ಕೊನೆಯ ಡಬ್ಬಿಯಲ್ಲಿ ನಿಂತವನು, ಈಗಲೂ ಕೊರಳಲ್ಲಿ ಸೀಟಿ. ಯಾರಾದರೂ "ಆಟದ ರೈಲು" ಅಂದರೆ ಕೈಗೆ ಸಿಕ್ಕಿದ್ದನ್ನು ಎಸೆಯುತ್ತಿದ್ದ, ಒಬ್ಬ ಫಿಟ್ಟರನ ಹುಬ್ಬಿನ ಮೇಲೆ ಅದಕ್ಕೆ ಗಾಯದ ಗುರುತಿತ್ತು. ಆ ಕೋಣೆಯಲ್ಲಿ ಅವನದೇ ಕಾನೂನು. ಕಟ್ಟುತ್ತಿದ್ದದ್ದು ಕಾಲ್ಪನಿಕ ಊರಲ್ಲ, ನಾಲ್ಕು ಬೀದಿ ಆಚೆಗಿದ್ದ ಅವರದೇ ರೈಲ್ವೆ ಕಾಲೊನಿ. ಎಂಬತ್ತೇಳರಲ್ಲಿ ಒಂದು ಅಳತೆ: ನಿಜದ ಎಂಬತ್ತೇಳು ಇಂಚು ಇಲ್ಲಿ ಒಂದಿಂಚು. ಊರಿಗೆ ಒಂದೇ ಹೊತ್ತು: ಭಾನುವಾರ ಸಂಜೆ ನಾಲ್ಕು ಹತ್ತು, ಎರಡು ರೈಲು ಒಟ್ಟಿಗೆ ನಿಲ್ಲುವ ಗಳಿಗೆ. ಸ್ಟೇಷನ್ ಗಡಿಯಾರದಲ್ಲಿ ಅದೇ, ಬಣ್ಣದಲ್ಲಿ ಬಳಿದ ನೆರಳೂ ಅದೇ ಹೊತ್ತಿನದು, ಆ ಹೊತ್ತಿಗೆ ಮುಚ್ಚಿರುವ ಅಂಗಡಿ ಇಲ್ಲೂ ಮುಚ್ಚಿರಬೇಕು. ಅವರವರ ಮನೆ ಅವರವರೇ ಕಟ್ಟಬೇಕು, ಯಾಕೆಂದರೆ ಗೋಡೆಯ ಬಿರುಕು ಗೊತ್ತಿರುವುದು ಒಳಗಿರುವವರಿಗೇ. ಮುದುಕ ದಿನಕ್ಕೆ ಹತ್ತು ಸಲ ಹೇಳುತ್ತಿದ್ದ ಮಾತು ಒಂದೇ: "ಇದ್ದದ್ದು ಇದ್ದ ಹಾಗೆ." ತಪ್ಪಿದರೆ ಸೀಟಿ ಊದುತ್ತಿದ್ದ, ಕಿವಿ ಗುಂಯ್ ಅನ್ನುವಂತೆ.

ಎರಡು ವರ್ಷ ಹೀಗೆ ನಡೆಯಿತು, ಪ್ರತಿ ಭಾನುವಾರ ಎರಡರಿಂದ ಆರು. ಸುತ್ತಿಗೆ ತಾಮ್ರದ ತಂತಿ ಹೊಸೆದು ಮರ ಮಾಡಿದ, ಮರದ ಹೊಟ್ಟಿಗೆ ಬಣ್ಣ ಹಾಕಿ ಹುಲ್ಲು ಬೆಳೆಸಿದ, ಬೀದಿದೀಪ ನೆಟ್ಟ, ನಾಯಿ ಮಲಗಿಸಿದ. ವಾರವಿಡೀ ತಗಡು ಬಡಿದ ಕೈಗೆ ಆ ನಾಲ್ಕು ಗಂಟೆ ಪುಣ್ಯದ ಹೊತ್ತು. ಗಂಟೆ ಆರಾಗುತ್ತಿದ್ದಂತೆ ಭಾವ ಅಂಗಿಯ ತೋಳು ಇಳಿಸಿಕೊಂಡು ಏಳುತ್ತಿದ್ದ. ಇವನು ಬಿಡುತ್ತಿರಲಿಲ್ಲ. "ಇನ್ನೊಂದು ಗಂಟೆ ಕೂತ್ಕೊಳ್ಳಿ ಭಾವ, ಮನೆ ಎಲ್ಲಿಗೆ ಓಡಿಹೋಗುತ್ತೆ?" ಭಾವ ಗಡಿಯಾರ ನೋಡಿ, ಸಣ್ಣಗೆ ನಕ್ಕು, ಮತ್ತೆ ಕೂರುತ್ತಿದ್ದ.

ಭಾವನ ಮನೆ ಕಾಲೊನಿಯ ಏಳನೆಯದು. ಅದನ್ನು ಕಟ್ಟಲು ಅವನು ಎಂಟು ತಿಂಗಳು ತೆಗೆದುಕೊಂಡ. ಮಿಕ್ಕವರು ಹೊರಗೋಡೆ ನಿಲ್ಲಿಸಿ ಕೈ ತೊಳೆದುಕೊಂಡರೆ, ಅವನು ಒಳಗನ್ನೂ ಮಾಡಿದ: ಗೋಡೆ, ಮೆಟ್ಟಿಲು, ಕಪಾಟು. ಹಳಿಯೊಂದು ಕೂದಲೆಳೆಯಷ್ಟು ಓರೆಯಾದರೆ ಮಾತಾಡದೆ ಇಕ್ಕಳದಲ್ಲಿ ಕಿತ್ತು, ಮುರಿದು, ಚೂರುಗಳನ್ನು ಸಾಲಾಗಿ ಜೋಡಿಸಿಡುತ್ತಿದ್ದ. ಅಜ್ಜ ಅವನ ಮನೆಯನ್ನು ಹೊರಗಿನಿಂದ ಪರೀಕ್ಷಿಸಿ, ಇವನ ಕೆಲಸಕ್ಕೆ ಮೇಲಿನ ಮಾಡು ಎತ್ತಿ ಒಳಗು ನೋಡಬೇಕಾಗಿಲ್ಲ ಅಂದುಬಿಟ್ಟ. ಅಂಥ ಗೌರವ.

ಒಂದು ಭಾನುವಾರ ಸುತ್ತಿಗೆ ಪ್ರೀತಿಯಿಂದ ಒಂದು ಬೊಂಬೆ ಕೆತ್ತಿ ತಂದ. ಬೆಂಕಿಕಡ್ಡಿಯ ಪುಟ್ಟಿ, ಹಳದಿ ಬಟ್ಟೆ, ಎರಡು ಸೆಂಟಿಮೀಟರಿಗೂ ಕಡಿಮೆ. ಏಳನೇ ಮನೆಯ ಹಿತ್ತಲಲ್ಲಿ ಬಟ್ಟೆ ಒಣಹಾಕುವ ತಂತಿಯ ಪಕ್ಕ ನಿಲ್ಲಿಸಿದ. ಭಾವ ಚಿಮಟ ತೆಗೆದುಕೊಂಡು ಅದನ್ನು ಎತ್ತಿದ.

"ಈ ಹೊತ್ತಿಗೆ ಅವಳು ಹೊರಗಿರಲ್ಲ."

"ಭಾನುವಾರ ಬಟ್ಟೆ ತೆಗೆಯೋಕೂ ಬರಲ್ವಾ ಭಾವ?"

"ಇಲ್ಲ. ಒಳಗಿರ್ತಾಳೆ. ಇದ್ದದ್ದು ಇದ್ದ ಹಾಗೆ."

"ಮನೆಯವನೇ ಹೇಳಿದ ಮೇಲೆ ಮುಗೀತು," ಅಂದ ಅಜ್ಜ. ಭಾವ ಚಿಮಟವನ್ನು ಚೂರು ಒತ್ತಿದ. ಟಿಕ್ ಅಂತ ಬೊಂಬೆಯ ತಲೆ ಹಾರಿಹೋಯಿತು. "ಛೆ, ಕೈತಪ್ಪಿತು," ಅಂದ. ಸುತ್ತಿಗೆ ನೆಲಕ್ಕೆ ಮಂಡಿಯೂರಿ, ಅರ್ಧ ಗಂಟೆ ಹುಡುಕಿ, ಸಾಸಿವೆಯಷ್ಟು ತಲೆಯನ್ನು ಹೆಕ್ಕಿ ಜೇಬಿಗೆ ಹಾಕಿಕೊಂಡ. ಮನೆಯಲ್ಲಿ ಅಂಟಿಸಿದ. ಆಮೇಲೆ ಅದು ಅವನ ಜೇಬಿನಲ್ಲೇ ಉಳಿಯಿತು.

ಗುಮಾನಿ ಬರಲಿಲ್ಲವೇ ಅಂತ ಕೇಳುತ್ತೀರಿ. ಬಂದಿತ್ತು. ಪುಟ್ಟಿಯ ಮನೆಗೆ ಹೋದಾಗಲೆಲ್ಲ ಭಾವ ಮುಂದಿನ ಕೋಣೆಯಲ್ಲೇ ಕೂರಿಸುತ್ತಿದ್ದ, ಅವಳು ಚಹಾ ಕೊಟ್ಟು ಬಾಗಿಲ ಹತ್ತಿರ ನಿಲ್ಲುತ್ತಿದ್ದಳು. ಒಮ್ಮೆ ಅವಳ ಬೆರಳುಗಳಿಗೆ ಪಟ್ಟಿ ಸುತ್ತಿತ್ತು, ಉಗುರು ಬುಡದವರೆಗೆ ಮುರಿದಿತ್ತು. "ಬಟ್ಟೆ ಉಜ್ಜೋ ಕಲ್ಲು ಕಣೋ," ಅಂದಳು. ಇನ್ನೊಮ್ಮೆ ಮಣಿಕಟ್ಟಿನಲ್ಲಿ ನೀಲಿ. ಇವನ ಕತ್ತಿನ ನರ ಉಬ್ಬಿತು, ಕೈ ತಾನಾಗಿ ಮುಷ್ಟಿಯಾಯಿತು. ಅವಳು ಆ ಮುಷ್ಟಿಯನ್ನು ನೋಡಿದಳು, ನೋಡಿ ಗಲಗಲ ನಕ್ಕಳು. "ಬಕೆಟ್ಟು ಜಾರಿತು ಮಾರಾಯ, ಅದನ್ನೂ ಹೊಡೀತೀಯಾ?" ಇವನು ನಂಬಿದ. ನಂಬುವುದು ಸುಲಭವಾಗಿತ್ತು, ಅದಕ್ಕೆ ನಂಬಿದ.

ಕಟ್ಟಿದ ಊರನ್ನು ಜನರಿಗೆ ತೋರಿಸುವ ಪ್ರದರ್ಶನಕ್ಕೆ ಒಂದು ವಾರ ಉಳಿದಿತ್ತು. ಆ ಭಾನುವಾರ ಮನೆಗಳಿಗೆ ದೀಪ ಹಾಕುವ ಕೆಲಸ. ಅಕ್ಕಿಕಾಳಿನಷ್ಟು ಬಲ್ಬನ್ನು ಒಳಗಿಟ್ಟು, ತಂತಿಯನ್ನು ಹಲಗೆಯ ಕೆಳಗೆ ಇಳಿಸಬೇಕು. ಮೂರು ಗಂಟೆಗೆ ಫ್ಯೂಸ್ ಹೋಯಿತು. ಭಾವ ಅದನ್ನು ನೋಡಲು ಕೆಳಗೆ ಇಳಿದ, ಮಿಕ್ಕವರು ಚಹಾಕ್ಕೆ ಹೋದರು, ಅಜ್ಜನೊಬ್ಬ ಮೂಲೆಯಲ್ಲಿ ಉಳಿದ. ಸುತ್ತಿಗೆ ಆರನೇ ಮನೆ ಮುಗಿಸಿ ಏಳನೆಯದಕ್ಕೆ ಕೈಹಾಕಿದ. ಮಾಡು ಅಂಟಿಕೊಂಡಿತ್ತು. ಬ್ಲೇಡು ತೂರಿಸಿ ಮೆಲ್ಲಗೆ ಎಬ್ಬಿಸಿದ.

ಆಹಾ, ಎಂಥ ಕೆಲಸ! ಒಂದು ಗಳಿಗೆ ಸುಮ್ಮನೆ ನೋಡಿ ಖುಷಿಪಟ್ಟ. ಮುಂದಿನ ಕೋಣೆಯ ಕುರ್ಚಿ, ಗೋಡೆ ಗಡಿಯಾರ, ಅದರ ಪಕ್ಕ ಮೊಳೆ, ಮೊಳೆಯಲ್ಲಿ ಹಿತ್ತಾಳೆಯ ಒಂದು ಚುಕ್ಕೆ. ಮೆಟ್ಟಿಲು. ಮೆಟ್ಟಿಲ ಕೆಳಗೆ ಹಳೇ ಸಾಮಾನಿಡುವ ಕತ್ತಲೆ ಕೋಣೆ, ಅದಕ್ಕೊಂದು ಬಾಗಿಲು. ಬಾಗಿಲಿಗೆ ಹೊರಗಿನಿಂದ ಎರಡು ಚಿಲಕ, ಮೇಲೊಂದು ಕೆಳಗೊಂದು, ಮೇಲಿನದಕ್ಕೆ ಬೀಗ. ಹಳೇ ಸಾಮಾನಿಗೆ ಯಾಕಪ್ಪ ಇಷ್ಟು ಕಾವಲು ಅಂದುಕೊಂಡು, ಬ್ಲೇಡಿನ ತುದಿಯಿಂದ ಬಾಗಿಲನ್ನು ತಿರುಗಿಸಿದ. ಒಳಬದಿಗೆ ಹಿಡಿ ಇರಲಿಲ್ಲ.

ಒಳಗೆ ಹಿಡಿಯಿಲ್ಲದ ಬಾಗಿಲಿನ ಮುಂದೆ ನಾಲ್ಕು ವರ್ಷ ಮಲಗಿದ್ದವನು ಅವನು. ಅಂಥ ಬಾಗಿಲನ್ನು ಸಾಮಾನಿಗೆ ಮಾಡುವುದಿಲ್ಲ, ಮನುಷ್ಯರಿಗೆ ಮಾಡುತ್ತಾರೆ.

ಭೂತಗನ್ನಡಿ ತಂದ. ಬಾಗಿಲ ಒಳಬದಿಯ ಬಣ್ಣದ ಮೇಲೆ ಸೂಜಿಯಿಂದ ಗೀರಿದ ಗೆರೆಗಳಿದ್ದವು, ಹತ್ತಿಪ್ಪತ್ತು, ಒಂದರ ಮೇಲೊಂದು. ಎಲ್ಲ ಒಂದೇ ಎತ್ತರದಲ್ಲಿ. ಅಳತೆಪಟ್ಟಿ ಇಟ್ಟ. ನೆಲದಿಂದ ಏಳು ಮಿಲಿಮೀಟರ್. ಎಂಬತ್ತೇಳರಿಂದ ಗುಣಿಸಿದ. ಎರಡು ಅಡಿ. ನಿಂತವರ ಕೈ ಅಲ್ಲಿ ಕೆರೆಯುವುದಿಲ್ಲ. ನೆಲದ ಮೇಲೆ ಕೂತವರ ಕೈ.

ಪಟ್ಟಿ ಸುತ್ತಿದ ಬೆರಳು ನೆನಪಾಯಿತು. ಈ ಹೊತ್ತಿಗೆ ಅವಳು ಹೊರಗಿರಲ್ಲ, ಒಳಗಿರ್ತಾಳೆ. ಇನ್ನೊಂದು ಗಂಟೆ ಕೂತ್ಕೊಳ್ಳಿ ಭಾವ.

ಮೆಟ್ಟಿಲು ಹತ್ತಿ ಬಂದ ಭಾವ ಕರವಸ್ತ್ರದಲ್ಲಿ ಬೆರಳು ಒರೆಸಿಕೊಳ್ಳುತ್ತಿದ್ದ. ಎತ್ತಿಟ್ಟ ಮಾಡನ್ನು ನೋಡಿದ. ಮುಖದಲ್ಲಿ ಎಳ್ಳಷ್ಟೂ ಬದಲಾವಣೆ ಇಲ್ಲ.

"ಕೇಳಿ ತೆಗೀಬೇಕಿತ್ತು ಬಾಮೈದ. ಅಂಚು ಕಿತ್ತುಬಂದಿದೆ ನೋಡು."

"ಈ ಬಾಗಿಲು ಏನು ಭಾವ?"

"ಮೆಟ್ಟಿಲ ಕೆಳಗಿನ ಕೋಣೇದು."

"ಗೆರೆ?"

ಭಾವ ಬಗ್ಗಿ ನೋಡಿ, ಕೆಲಸ ಮೆಚ್ಚಿಕೊಂಡವನ ಹಾಗೆ ತಲೆಯಾಡಿಸಿದ. "ಹ್ಞಾ, ಗೆರೆ. ಬಣ್ಣ ಹೊಡೆದು ಮುಚ್ಚಬಹುದಿತ್ತು. ಆದರೆ ಸುಳ್ಳಾಗ್ತಿತ್ತಲ್ಲ."

ಕೇಳಿದಿರಾ? ಹೆಂಡತಿಯನ್ನು ಕತ್ತಲೆಯಲ್ಲಿ ಕೂಡಿಹಾಕುವುದಕ್ಕೆ ನಾಚಿಕೆಯಿಲ್ಲ, ಅಳತೆಯಲ್ಲಿ ಸುಳ್ಳು ಹೇಳುವುದಕ್ಕೆ ನಾಚಿಕೆ! ಅವನಿಗೆ ಆ ಚಿಲಕ ನಲ್ಲಿಯ ಹಾಗೆ, ಕಿಟಕಿಯ ಹಾಗೆ. ಮನೆಯಲ್ಲಿ ಇತ್ತು, ಮಾಡಿದ.

"ಈಗ ಒಳಗಿದ್ದಾಳಾ?"

"ನಾನಿಲ್ಲದಾಗ ಅವಳಿಗೆ ಬೀದಿ ಸುತ್ತೋ ಚಟ. ಅದಕ್ಕೆ ಮದ್ದು." ಭಾವ ದನಿ ಎತ್ತಲಿಲ್ಲ. "ಕೈ ಮುಷ್ಟಿ ಮಾಡ್ತಿದ್ದೀಯ. ಹೊಡಿ. ಹೊಡೆದು ಮತ್ತೆ ಜೈಲಿಗೆ ಹೋಗು. ಅವಳು ಮೂರು ವರ್ಷ ಬಾಯಿ ಬಿಡದೆ ಇದ್ದದ್ದು ಯಾಕೆ ಅಂದ್ಕೊಂಡೆ? ನಾನು ಕಟ್ಟಿಹಾಕಿದ್ದಕ್ಕಲ್ಲ. ಅಣ್ಣನಿಗೆ ಗೊತ್ತಾದರೆ ನನ್ನನ್ನ ಕೊಂದು ನೇಣಿಗೆ ಹೋಗ್ತಾನೆ ಅಂತ. ನಿನ್ನ ಕೈಯೇ ನನಗೆ ಒಳ್ಳೇ ಬೀಗ."

ಸುತ್ತಿಗೆ ಹೊಡೆದ. ಆಣೆ, ಜೈಲು, ಯಾವುದೂ ಆ ಕ್ಷಣ ತಲೆಯಲ್ಲಿರಲಿಲ್ಲ. ಭಾವ ಹಿಂದಕ್ಕೆ ಹಾರಿ ಹಲಗೆಯ ಅಂಚಿಗೆ ಬಡಿದ, ಸ್ಟೇಷನ್ನು ಅವನ ಬೆನ್ನ ಕೆಳಗೆ ಪುಡಿಯಾಯಿತು. ಅವನೂ ಹೆದರಿ ಓಡುವ ಜಾತಿಯಲ್ಲ. ಕೈಗೆ ಸಿಕ್ಕ ಸ್ಕ್ರೂಡ್ರೈವರನ್ನು ಹಿಡಿಯವರೆಗೆ ಇವನ ತೊಡೆಗೆ ಇಳಿಸಿದ, ಇಳಿಸಿ ತಿರುಗಿಸಿದ. ಸುತ್ತಿಗೆ ಗೂಳಿಯಂತೆ ಅರಚಿಕೊಂಡ. ಭಾವನ ಕಾಲರು ಹಿಡಿದು ಎತ್ತಿ, ಪ್ಲಾಸ್ಟರಿನ ಗುಡ್ಡದ ಮೇಲೆ ಮುಖ ಅಡಿಯಾಗಿ ಅಪ್ಪಳಿಸಿದ. ತಂತಿಯ ಮರಗಳು ಆ ಕೆನ್ನೆಗೆ ಚುಚ್ಚಿ ನಿಂತವು. ಗಾರ್ಡ್ ಅಜ್ಜ ಗೋಡೆಗೆ ಒರಗಿ ಸೀಟಿ ಊದಿದ. ಊದುತ್ತಲೇ ಇದ್ದ. ಇಂಜಿನ್ನು ಹಳಿ ಬಿಟ್ಟು ಉರುಳಿಬಿತ್ತು. ಎರಡನೇ ಏಟಿಗೆ ಮೂಗಿನ ಮೂಳೆ ಕರಕ್ ಅಂತು. ಮೂರನೆಯದಕ್ಕೆ ಹಲ್ಲೆರಡು ಹಳಿಯ ಮೇಲೆ ಬಿದ್ದವು. ನಾಲ್ಕನೆಯದಕ್ಕೆ ಕೈ ಎತ್ತಿದ.

"ಕೊಲ್ಲು," ಅಂದ ಭಾವ ರಕ್ತ ಉಗುಳುತ್ತ. "ಕೊಂದಮೇಲೆ ಕೀಲಿ ಎಲ್ಲಿದೆ ಅಂತ ಯಾರನ್ನ ಕೇಳ್ತೀಯ? ನಿನ್ನನ್ನ ಇಲ್ಲಿಂದಲೇ ಎಳ್ಕೊಂಡು ಹೋಗ್ತಾರೆ. ಅವಳು ಅಲ್ಲೇ ಕೊಳೀಲಿ."

ಎತ್ತಿದ ಕೈ ಅಲ್ಲೇ ನಿಂತಿತು. ನಿಲ್ಲಿಸುವುದು ಹೊಡೆಯುವುದಕ್ಕಿಂತ ಕಷ್ಟವಾಗಿತ್ತು. ಬಸ್ಸಿನ ಪಕ್ಕ ಒಂಬತ್ತು ಹಾಕುವಾಗ ತಂಗಿ ಹಿಂದೆ ನಿಂತು "ಸಾಕು ಅಣ್ಣ, ಸಾಕು" ಅಂತ ಕೂಗುತ್ತಿದ್ದದ್ದು ಈಗ ಕೇಳಿಸಿತು. ಅವತ್ತು ಕೇಳಿಸಿರಲಿಲ್ಲ.

ಆಮೇಲೆ ಹೊಳೆಯಿತು. ಕೀಲಿ ಎಲ್ಲಿದೆ ಅಂತ ಇವನನ್ನು ಯಾಕೆ ಕೇಳಬೇಕು? ಇದ್ದದ್ದು ಇದ್ದ ಹಾಗೆ ಮಾಡಿದ ಮಹಾನುಭಾವನಲ್ಲವೇ! ಭಾವನನ್ನು ಅಲ್ಲೇ ಬಿಟ್ಟು, ಏಳನೇ ಮನೆಯ ಮೇಲೆ ಭೂತಗನ್ನಡಿ ಹಿಡಿದ. ಗೋಡೆ ಗಡಿಯಾರದ ಪಕ್ಕದ ಮೊಳೆಯಲ್ಲಿ ತೂಗುತ್ತಿದ್ದ ಹಿತ್ತಾಳೆಯ ಚುಕ್ಕೆಗೆ ಎರಡು ಹಲ್ಲು ಕೊರೆದಿತ್ತು.

"ಅಜ್ಜ, ಪೊಲೀಸರನ್ನ ಕರೀರಿ," ಅಂದ. "ನನ್ನನ್ನ ಹಿಡಿಯೋಕಾದರೂ ಸರಿ, ಏಳನೇ ಮನೆಗೆ ಕರ್ಕೊಂಡ್ ಬನ್ನಿ."

ನಾಲ್ಕು ಬೀದಿ ಕುಂಟಿಕೊಂಡು ಓಡಿದ. ಬೂಟಿನೊಳಗೆ ರಕ್ತ ಪಿಚಪಿಚ ಅನ್ನುತ್ತಿತ್ತು. ಜನ ದಾರಿ ಬಿಟ್ಟರು, ಒಬ್ಬಳು ಮಗುವನ್ನು ಎಳೆದುಕೊಂಡಳು. ಏಳನೇ ಮನೆಯ ಮುಂಬಾಗಿಲಿಗೆ ಬೀಗ. ಅದನ್ನು ಒದ್ದ. ಎರಡನೇ ಒದೆತಕ್ಕೆ ಚೌಕಟ್ಟು ಸಮೇತ ಬಿತ್ತು. ಒಳಗಿನ ಬಾಗಿಲನ್ನೂ ಹಾಗೇ ಒದ್ದು ಮುರಿಯಬಹುದಿತ್ತು. ಆದರೆ ಅದರ ಹಿಂದೆ ಪುಟ್ಟಿ ಕೂತಿರುತ್ತಾಳೆ, ಒದೆತ ಬೀಳುವ ಜಾಗಕ್ಕೇ ಅವಳ ತಲೆ. ಮುಂದಿನ ಕೋಣೆ, ಕುರ್ಚಿ, ಗಡಿಯಾರ, ಮೊಳೆ. ಕೀಲಿ ಇತ್ತು. ಎಷ್ಟೋ ಸಲ ಚಹಾ ಕುಡಿಯುತ್ತ ಅದರ ಕೆಳಗೇ ಕೂತಿದ್ದ. ಮೂರು ಹೆಜ್ಜೆ, ಎಡಕ್ಕೆ ತಿರುವು, ಮೆಟ್ಟಿಲು. ಒಂದು ಸಲವೂ ಕಾಲಿಡದ ಜಾಗಕ್ಕೆ ಕಣ್ಣು ಮುಚ್ಚಿ ಹೋಗುವವನಂತೆ ಹೋದ.

ಬೀಗ ತೆಗೆದ, ಮೇಲಿನ ಚಿಲಕ, ಕೆಳಗಿನ ಚಿಲಕ. ಪುಟ್ಟಿ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದಳು, ಮಂಡಿಯನ್ನು ಎದೆಗೆ ಅವುಚಿಕೊಂಡು. ಬೆಳಕಿಗೆ ಕಣ್ಣು ಕಿರಿದು ಮಾಡಿದಳು. ಮೊದಲು ಕಂಡದ್ದು ಅಣ್ಣನ ಮುಖವಲ್ಲ, ಅವನ ಕೈ. ಮೊಣಕೈವರೆಗೆ ಕೆಂಪು.

"ಕೊಂದುಬಿಟ್ಯಾ ಅಣ್ಣ?"

"ಇಲ್ಲ ಪುಟ್ಟಿ."

"ಸುಳ್ಳು ಹೇಳ್ಬೇಡ!"

"ಮೂರು ಹೊಡೆದೆ. ಮೂರಕ್ಕೇ ನಿಲ್ಲಿಸ್ದೆ." ಅವನು ಬಾಗಿಲಲ್ಲೇ ಮಂಡಿಯೂರಿದ. ಮಗುವಿನ ಹಾಗೆ ಬಿಕ್ಕಿದ. "ನಾನೇ ಅವನನ್ನ ಅಲ್ಲಿ ಕೂರಿಸ್ಕೊಳ್ತಿದ್ದೆ ಕಣೇ. ಇನ್ನೊಂದು ಗಂಟೆ, ಇನ್ನೊಂದು ಗಂಟೆ ಅಂತ. ನೀನು ಇಲ್ಲಿ ಕೂತಿದ್ದೆ, ನಾನು ಅಲ್ಲಿ ಮರ ಮಾಡ್ತಿದ್ದೆ."

"ಗೊತ್ತು," ಅಂದಳು ಅವಳು. "ಬಂದು ಹೇಳ್ತಿದ್ರು. ಇವತ್ತು ನಿಮ್ಮಣ್ಣ ಬಿಡಲೇ ಇಲ್ಲ, ಅದಕ್ಕೆ ಏಳಾಯ್ತು ಅಂತ."

ಈ ಮಾತು ತೊಡೆಗೆ ಇಳಿದ ಕಬ್ಬಿಣಕ್ಕಿಂತ ಆಳಕ್ಕೆ ಹೋಯಿತು. ಅವನು ತಲೆ ತಗ್ಗಿಸಿದ. ಅದಕ್ಕೇ ಹಿಂದಿನಿಂದ ಬಂದದ್ದನ್ನು ನೋಡಲಿಲ್ಲ.

ಭಾವ ಬಂದಿದ್ದ. ಮುಖ ಮುಖವಾಗಿ ಉಳಿದಿರಲಿಲ್ಲ, ಕೆನ್ನೆಯಲ್ಲಿ ಇನ್ನೂ ಒಂದು ತಾಮ್ರದ ಮರ ನೇತಾಡುತ್ತಿತ್ತು. ಕೈಯಲ್ಲಿ ಅಂಗಳದ ಕಬ್ಬಿಣದ ಸಲಾಕೆ. ಬೀಸಿದ. ಏಟು ಸುತ್ತಿಗೆಯ ಭುಜಕ್ಕೂ ಕಿವಿಗೂ ಸೇರಿ ಬಿತ್ತು, ಬಲಗೈ ಸತ್ತು ಜೋತುಬಿತ್ತು, ಅವನು ಹೊಸ್ತಿಲಿಂದ ಹೊರಕ್ಕೆ ಮಗುಚಿಕೊಂಡ. ಭಾವ ಕತ್ತಲೆ ಕೋಣೆಯ ಬಾಗಿಲಿಗೆ ಬಂದು ನಿಂತು, ಎರಡನೇ ಸಲ ಸಲಾಕೆ ಎತ್ತಿದ. ಈ ಸಲ ತಲೆಗೆ.

ಪುಟ್ಟಿ ಎದ್ದಳು. ಎದ್ದದ್ದೇ ಸುತ್ತಿಗೆಗೆ ಕಾಣಲಿಲ್ಲ, ಅಷ್ಟು ಬೇಗ. ಅಣ್ಣ ತೆಗೆದು ಹೊಸ್ತಿಲಲ್ಲಿ ಬಿಸಾಕಿದ್ದ ಬೀಗ ಅವಳ ಮುಷ್ಟಿಯಲ್ಲಿತ್ತು. ಮೂರು ವರ್ಷದ ಬಲವನ್ನೆಲ್ಲ ಒಟ್ಟುಮಾಡಿ ಗಂಡನ ಕಪಾಳಕ್ಕೆ ಅಪ್ಪಳಿಸಿದಳು. ಅವನು ತೂರಾಡಿದ. ಇನ್ನೊಂದು ಕೊಟ್ಟಳು, ಅದೇ ಜಾಗಕ್ಕೆ. ಸಲಾಕೆ ಠಣ್ಣೆಂದು ಬಿತ್ತು. ಅವಳು ಅವನ ಇಸ್ತ್ರಿ ಅಂಗಿಯನ್ನು ಎರಡೂ ಕೈಯಲ್ಲಿ ಹಿಡಿದು ಒಳಕ್ಕೆ ಎಳೆದು ಬಿಸಾಡಿ, ತಾನು ಹೊರಗೆ ಹಾರಿ, ಬಾಗಿಲು ಎಳೆದಳು. ಮೇಲಿನ ಚಿಲಕ, ಕೆಳಗಿನ ಚಿಲಕ, ಬೀಗ. ಆ ಮೂರು ಸದ್ದನ್ನು ಅವಳು ಯಾವಾಗಲೂ ಆ ಕಡೆಯಿಂದ ಕೇಳಿದ್ದಳು, ಕ್ರಮ ತಪ್ಪಲಿಲ್ಲ.

ಒಳಗೆ ಅವನು ಮೊದಲು ಒದ್ದ. ಬಾಗಿಲು ಗಟ್ಟಿಯಾಗಿತ್ತು, ಅವನೇ ಮಾಡಿಸಿದ್ದು. ಆಮೇಲೆ ಬೈದ, ಅಷ್ಟು ಚೊಕ್ಕಟ ಮನುಷ್ಯನ ಬಾಯಲ್ಲಿ ಅಂಥ ಮಾತುಗಳಿದ್ದವು ಅಂತ ಯಾರೂ ನಂಬುತ್ತಿರಲಿಲ್ಲ. ಆಮೇಲೆ ಹೆಸರು ಹಿಡಿದು ಕರೆದ, ಮೆತ್ತಗೆ. ಪುಟ್ಟಿ ಬಾಗಿಲಿಗೆ ಬೆನ್ನು ಕೊಟ್ಟು ಅಣ್ಣನ ಪಕ್ಕ ಕೂತಳು. ಬಟ್ಟೆ ಹರಿದು ಅವನ ತೊಡೆಗೆ ಬಿಗಿಯಾಗಿ ಕಟ್ಟಿದಳು.

"ಆಣೆ ಮುರಿದೆ," ಅಂದ ಅವನು.

"ನಾನೂ ಹೊಡೆದೆನಲ್ಲ. ಸುಮ್ನಿರು."

ಎಡಗೈಯಿಂದ ಜೇಬು ತಡಕಾಡಿ ಬೆಂಕಿಕಡ್ಡಿಯ ಬೊಂಬೆ ತೆಗೆದ. ತಲೆ ಮತ್ತೆ ಮುರಿದಿತ್ತು. ಅವಳು ಅದನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದಳು, ಹಳದಿ ಬಟ್ಟೆಯವಳು ಯಾರು ಅಂತ ಕೇಳಬೇಕಾಗಲಿಲ್ಲ.

ಗಾರ್ಡ್ ಅಜ್ಜ ಏದುಸಿರು ಬಿಡುತ್ತ ಮುರಿದ ಮುಂಬಾಗಿಲಲ್ಲಿ ಬಂದು ನಿಂತ. ಒಬ್ಬನೇ ಬಂದಿದ್ದ. ಪೊಲೀಸರಿಗೆ ಇನ್ನೂ ಹೇಳಿರಲಿಲ್ಲ, ಹೇಳುವ ಮೊದಲು ಕಣ್ಣಾರೆ ನೋಡಬೇಕು ಅಂತ. ಚಿಲಕ ನೋಡಿದ. ಬೀಗ ನೋಡಿದ. ಅವಳ ಬೆರಳು ನೋಡಿದ. ತಾನು ಹೊರಗಿನಿಂದಲೇ ಮೆಚ್ಚಿಕೊಂಡ ಕೆಲಸವನ್ನು ಈಗ ನಿಜದ ಅಳತೆಯಲ್ಲಿ ನೋಡಿ, ಮುದುಕ ಗೋಡೆ ಹಿಡಿದುಕೊಂಡ.

"ಮಾಡು ಎತ್ತಿ ನೋಡಲಿಲ್ಲ ಮಗಳೇ," ಅಂದ. "ಒಂದು ಸಲ ಎತ್ತಿ ನೋಡಬೇಕಿತ್ತು. ಈಗಲೇ ಹೋಗಿ ಪೊಲೀಸರನ್ನ ಕರ್ಕೊಂಡು ಬರ್ತೀನಿ."

"ಗಂಟೆ ಎಷ್ಟು ಅಜ್ಜ?"

ಮುದುಕ ತಲೆಯೆತ್ತಿ ಗೋಡೆ ಗಡಿಯಾರ ನೋಡಿದ. "ನಾಲ್ಕಾಗಿದೆ."

"ಆರಕ್ಕೆ ಬರ್ಲಿ," ಅಂದಳು ಪುಟ್ಟಿ. "ಭಾನುವಾರ ಈ ಬಾಗಿಲು ತೆಗೆಯೋದು ಆರಕ್ಕೇ. ಒಂದೊಂದು ದಿನ ಏಳೂ ಆಗುತ್ತೆ."

ಅಜ್ಜ ಗೋಡೆ ಬಿಟ್ಟು ಕುರ್ಚಿಯಲ್ಲಿ ಕೂತ. ಒಳಗೆ ಕೂಗು ನಿಂತಿತ್ತು. ಸ್ವಲ್ಪ ಹೊತ್ತಿಗೆ ಮರವನ್ನು ಉಗುರಿನಿಂದ ಕೆರೆಯುವ ಸದ್ದು ಶುರುವಾಯಿತು, ಪುಟ್ಟಿಯ ಬೆನ್ನ ಹಿಂದೆಯೇ. ಸುತ್ತಿಗೆ ಕಣ್ಣಲ್ಲೇ ಅಳೆದ. ನೆಲದಿಂದ ಎರಡು ಅಡಿ.

"ಕೂತ್ಕೊಂಡಿದ್ದಾರೆ," ಅಂದಳು ಅವಳು. "ಕೂತರೆ ಕೈ ಅಲ್ಲಿಗೇ ಸಿಗೋದು."